ತಾರಸಿಯಲ್ಲಿ ಶಂಕರಪುರ ಮಲ್ಲಿಗೆ: 20 ಚೀಲ, 2 ವರ್ಷ, ಕೈಕೊಟ್ಟದ್ದು ಮತ್ತು ಕೈಹಿಡಿದದ್ದು

ಜಿಐ (ಭೌಗೋಳಿಕ ಸೂಚಕ) ಮಾನ್ಯತೆಯ ಪಟ್ಟಿಯಲ್ಲಿ ಉಡುಪಿ ಮಲ್ಲಿಗೆ ಎಂದಿರುವ, ಊರಲ್ಲಿ ಎಲ್ಲರೂ ಶಂಕರಪುರ ಮಲ್ಲಿಗೆ ಎನ್ನುವ ಗಿಡವನ್ನು ಆರ್‌ಸಿಸಿ ತಾರಸಿಯ ಮೇಲೆ ಚೀಲಗಳಲ್ಲಿ ಬೆಳೆಸಿದ ದಾಖಲೆ ಇದು. ಜಾಗ ಉಡುಪಿ ಜಿಲ್ಲೆಯ ಕರಾವಳಿ. ಅವಧಿ 2023ರ ಜೂನ್‌ನಿಂದ 2025ರ ಜೂನ್‌ವರೆಗೆ. ತಾರಸಿಗೆ ಬೆಳಿಗ್ಗೆ 8ರಿಂದ ಸಂಜೆ 4ರವರೆಗೆ ನೇರ ಬಿಸಿಲು ಬೀಳುತ್ತದೆ. 6 ಗಂಟೆಗಿಂತ ಕಡಿಮೆ ಬಿಸಿಲಿರುವ ಜಾಗವಾದರೆ ಈ ಗಿಡ ಎಲೆ ಬಿಡುತ್ತದೆ, ಹೂ ಹೆಚ್ಚು ಬಿಡುವುದಿಲ್ಲ. ಅಂಥ ಕಡೆ ಈ ಕೆಲಸಕ್ಕೆ ಕೈ ಹಾಕದಿರುವುದೇ ಒಳ್ಳೆಯದು.

ಗಿಡದ ಸ್ವಭಾವ ಮೊದಲೇ ತಿಳಿದಿರಬೇಕು. ಇದು ನೆಟ್ಟಗೆ ನಿಲ್ಲುವ ಗಿಡವಲ್ಲ, ಮರ ಹತ್ತುವ ಬಳ್ಳಿಯೂ ಅಲ್ಲ. ಎರಡು ಅಡಿ ಏರಿ ಅಲ್ಲಿಂದ ಬಾಗಿ ಸುತ್ತಲೂ ಹರಡುವ ಪೊದೆ. ಮೊಗ್ಗು ಬರುವುದು ಹೊಸ ಚಿಗುರಿನ ತುದಿಯಲ್ಲಿ ಮಾತ್ರ. ಕೆಳಗೆ ಬರೆದಿರುವ ನೀರು, ಗೊಬ್ಬರ, ಚಾಟನಿ (ಕೊಂಬೆ ಸವರುವುದು) ಎಲ್ಲವೂ ಹೊಸ ಚಿಗುರು ಬರಿಸಲಿಕ್ಕೆ. ಆದ ತಪ್ಪುಗಳಲ್ಲಿ ಹೆಚ್ಚಿನವು ಇದನ್ನು ಮರೆತದ್ದರಿಂದ ಆದವು.

ಹಂತ 1: ಕಡ್ಡಿ ಊರಿದ್ದು (ಜೂನ್–ಆಗಸ್ಟ್ 2023)

ಜೂನ್ 11ರಂದು ಮೊದಲ ಸಲ 40 ಕಡ್ಡಿ. ತುದಿಯ ಎಳೆ ಹಸಿರು ಕಡ್ಡಿಗಳನ್ನೇ ಕತ್ತರಿಸಿ, ಬರೀ ಕೋಕೋಪೀಟ್ (ತೆಂಗಿನ ನಾರಿನ ಹುಡಿ) ತುಂಬಿದ ನರ್ಸರಿ ತೊಟ್ಟೆಯಲ್ಲಿ (ಸಣ್ಣ ಪ್ಲಾಸ್ಟಿಕ್ ಚೀಲ) ಊರಿ, ಮಾಡಿನ (ಛಾವಣಿಯ) ಇಳಿಜಾರಿನ ಕೆಳಗೆ ಇಡಲಾಯಿತು. ಮೂರೂ ತಪ್ಪು. ಎಳೆ ಕಡ್ಡಿಯಲ್ಲಿ ಬೇರು ಬರುವ ತನಕ ಬದುಕುವಷ್ಟು ಶಕ್ತಿ ಇರುವುದಿಲ್ಲ. ಕೋಕೋಪೀಟ್ ಮಳೆಗಾಲದ ತೇವದಲ್ಲಿ ಒಣಗುವುದೇ ಇಲ್ಲ. ಮಾಡಿನಿಂದ ಬೀಳುವ ಹನಿ ಕಡ್ಡಿಯನ್ನು ಅಲುಗಾಡಿಸುತ್ತಲೇ ಇರುತ್ತದೆ. 20 ದಿನದಲ್ಲಿ 31 ಕಡ್ಡಿ ಬುಡದಿಂದ ಕಪ್ಪಾಗಿ ಕೊಳೆತವು, ಉಳಿದದ್ದು 9.

ಜುಲೈ 9ರಂದು ಎರಡನೇ ಸಲ 40 ಕಡ್ಡಿ, ಈ ಕ್ರಮದಲ್ಲಿ:

ಹಸಿರು ಹೋಗಿ ಕಂದು ಬಣ್ಣ ಹತ್ತುತ್ತಿರುವ ಅರೆಬಲಿತ ಕಡ್ಡಿ. ದಪ್ಪ 5–6 ಮಿ.ಮೀ., ಉದ್ದ 6–7 ಇಂಚು, 4 ಗೆಣ್ಣು. ಕೆಳಗಿನ ಗೆಣ್ಣಿನ ಸ್ವಲ್ಪವೇ ಕೆಳಗೆ ಓರೆಯಾಗಿ, ಮೇಲಿನ ಗೆಣ್ಣಿನಿಂದ ಅರ್ಧ ಇಂಚು ಮೇಲೆ ನೇರವಾಗಿ ಕತ್ತರಿಸಬೇಕು. ಹೀಗೆ ಮಾಡಿದರೆ ಊರುವಾಗ ಮೇಲೆ ಯಾವುದು, ಕೆಳಗೆ ಯಾವುದು ಎಂಬ ಗೊಂದಲ ಬರುವುದಿಲ್ಲ. ಕೆಳಗಿನ ಎರಡು ಗೆಣ್ಣಿನ ಎಲೆ ಪೂರ್ತಿ ತೆಗೆದು, ಮೇಲಿನ ಎಲೆಗಳನ್ನು ಅರ್ಧಕ್ಕೆ ಕತ್ತರಿಸಿದ್ದು. ತೊಟ್ಟೆಗೆ 2 ಪಾಲು ದಪ್ಪ ಹೊಯಿಗೆ (ಮರಳು), 1 ಪಾಲು ಕೆಂಪು ಮಣ್ಣು, ಗೊಬ್ಬರ ಸೊನ್ನೆ. ಎರಡು ಗೆಣ್ಣು ಮಣ್ಣೊಳಗೆ ಹೋಗುವಂತೆ ಊರಿ, ಸುತ್ತ ಬೆರಳಿನಿಂದ ಗಟ್ಟಿಯಾಗಿ ಒತ್ತಿ, ಶೇಕಡ 50ರ ನೆರಳು ಬಲೆಯ ಕೆಳಗೆ, ಮೇಲೊಂದು ಪಾರದರ್ಶಕ ಶೀಟು.

40ರಲ್ಲಿ 29 ಬೇರು ಬಿಟ್ಟವು. 12ನೇ ದಿನಕ್ಕೇ ಚಿಗುರು ಕಾಣಿಸುತ್ತದೆ. ಅದು ಬೇರಿನ ಗುರುತಲ್ಲ, ಕಡ್ಡಿಯಲ್ಲಿದ್ದ ಶಕ್ತಿಯಿಂದ ಬಂದ ಚಿಗುರು. ಬೇರು ಬಂದಿದೆಯೇ ಎಂದು 15ನೇ ದಿನ ಎಳೆದು ನೋಡಿದ 4 ಕಡ್ಡಿಗಳೂ ಸತ್ತವು, ಅವು ಸತ್ತ 11ರೊಳಗೇ ಸೇರಿವೆ. ಆರು ವಾರ ಮುಟ್ಟಬಾರದು. ಚಿಗುರಿನ ಎರಡನೇ ಜೊತೆ ಎಲೆ ಪೂರ್ತಿ ಅರಳಿ ಹೊಳಪು ಬಂದ ಮೇಲೆಯೇ ಬೇರು ಹಿಡಿದಿದೆ ಎಂದು ಲೆಕ್ಕ.

ಇದರ ಜೊತೆಗೇ ತಾಯಿಗಿಡದ 4 ಕೊಂಬೆಗಳನ್ನು ಬಾಗಿಸಿ, ಗೆಣ್ಣಿನ ಕೆಳಗೆ ಸಿಪ್ಪೆಯನ್ನು ಸ್ವಲ್ಪ ಕೆರೆದು, ಪಕ್ಕದ ಕುಂಡದ ಮಣ್ಣಿನಲ್ಲಿ ಊರಿ, ಮೇಲೊಂದು ಕಲ್ಲು ಇಟ್ಟಿದ್ದು. ಏಳು ವಾರಕ್ಕೆ ನಾಲ್ಕಕ್ಕೆ ನಾಲ್ಕೂ ಬೇರು ಬಿಟ್ಟವು. ಐದಾರು ಗಿಡ ಸಾಕು ಎನ್ನುವವರಿಗೆ ಕಡ್ಡಿಯ ಗೋಜೇ ಬೇಡ, ಈ ದಾರಿಯೇ ಸಾಕು.

ಹಂತ 2: ಚೀಲ, ಭಾರ, ಮಣ್ಣು (ಅಕ್ಟೋಬರ್ 2023)

ಮಳೆ ಬಿಟ್ಟ ಮೇಲೆ, ಅಕ್ಟೋಬರ್ 22ರಂದು ನಾಟಿ. 15x15 ಇಂಚಿನ ದಪ್ಪ ಹಸಿರು ಗ್ರೋಬ್ಯಾಗ್ 20. ಮೊದಲು ನೋಡಿದ್ದು 18x18. ಅದರಲ್ಲಿ 70 ಲೀಟರಿಗೂ ಹೆಚ್ಚು ಮಣ್ಣು ಹಿಡಿಯುತ್ತದೆ, ಒದ್ದೆಯಾದಾಗ ಒಂದೊಂದೂ 100 ಕಿಲೋದ ಹತ್ತಿರ. 15 ಇಂಚಿನದು 35–37 ಲೀಟರ್ ಮಣ್ಣು ತುಂಬಿ ನೀರು ಕುಡಿದಾಗ 55ರಿಂದ 60 ಕಿಲೋ. ಇಪ್ಪತ್ತು ಚೀಲ ಎಂದರೆ ಒಂದು ಟನ್ನಿಗೂ ಮಿಕ್ಕಿದ ಭಾರ. ಅದನ್ನು ತಾರಸಿಯ ನಡುವೆ ಗುಂಪಾಗಿ ಇಡಬಾರದು. ಕೆಳಗೆ ಗೋಡೆ ಮತ್ತು ಬೀಮ್ ಇರುವ ಸಾಲಿನ ಮೇಲೆಯೇ, ಚೀಲದಿಂದ ಚೀಲಕ್ಕೆ ಎರಡೂವರೆ ಅಡಿ ಬಿಟ್ಟು ಇಟ್ಟಿದ್ದು. ಪೊದೆ ಹರಡಲಿಕ್ಕೂ ಅಷ್ಟು ಅಂತರ ಬೇಕು.

ಪ್ರತಿ ಚೀಲದ ಕೆಳಗೆ 3 ಸಿಮೆಂಟ್ ಇಟ್ಟಿಗೆ ಮಲಗಿಸಿ 3 ಇಂಚು ಎತ್ತರ. ಚೀಲದ ಜೊತೆ ಬರುವ ತೂತುಗಳು ಸಣ್ಣವು. ಕಾಯಿಸಿದ ಕಬ್ಬಿಣದ ಸರಳಿನಿಂದ ಅವನ್ನು 12 ಮಿ.ಮೀ.ಗೆ ಹಿಗ್ಗಿಸಿ, ಬದಿಯಲ್ಲಿ ತಳದಿಂದ ಒಂದು ಇಂಚು ಮೇಲೆ ಇನ್ನೂ ನಾಲ್ಕು ತೂತು ಮಾಡಿದ್ದು. ತೂತಿನ ಮೇಲೆ ನೆರಳು ಬಲೆಯ ತುಂಡು ಮಾತ್ರ. ತಳಕ್ಕೆ ತೆಂಗಿನ ಸಿಪ್ಪೆಯ ಪದರ ಹಾಕುವ ರೂಢಿ ಈ ಕಡೆ ಇದೆ. ಬೇಸಿಗೆಗೆ ಅದು ಒಳ್ಳೆಯದೇ, ಆದರೆ ಚೀಲದಲ್ಲಿ ಮಳೆಗಾಲದ ನಾಲ್ಕು ತಿಂಗಳು ಅದು ಒದ್ದೆ ಸ್ಪಂಜಾಗಿ ಬೇರಿನ ಕೆಳಗೆ ಕೂತಿರುತ್ತದೆ. ಹಾಗಾಗಿ ಹಾಕಲಿಲ್ಲ.

ಸಿಪ್ಪೆಯ ವಿಷಯದಲ್ಲಿ ಇಷ್ಟು ಎಚ್ಚರ ವಹಿಸಿ, ಮಣ್ಣಿನಲ್ಲಿ ಎಡವಿದ್ದಾಯಿತು. ಭಾರ ಕಡಿಮೆಯಾಗಲಿ ಎಂದು ಮೊದಲ 8 ಚೀಲಕ್ಕೆ ಕೆಂಪು ಮಣ್ಣು 14 ಲೀಟರ್, ಕೋಕೋಪೀಟ್ 14 ಲೀಟರ್, ಹಟ್ಟಿಗೊಬ್ಬರ (ಕೊಟ್ಟಿಗೆ ಗೊಬ್ಬರ) 9 ಲೀಟರ್ ಬಿತ್ತು. ಕೋಕೋಪೀಟ್ ಮುಗಿದದ್ದರಿಂದ ಉಳಿದ 12ಕ್ಕೆ ಬೇರೆ ಮಿಶ್ರಣ:

ಕೆಂಪು ಮಣ್ಣು 15 ಲೀಟರ್
ದಪ್ಪ ಹೊಯಿಗೆ 10 ಲೀಟರ್ (ಗಾರೆಗೆ ಜರಡಿ ಹಿಡಿದ ನುಣ್ಣನೆಯದಲ್ಲ)
ಒಂದು ವರ್ಷ ಹಳೆಯ ಹಟ್ಟಿಗೊಬ್ಬರ 10 ಲೀಟರ್
ಬೇವಿನ ಹಿಂಡಿ 250 ಗ್ರಾಂ, ಎಲುಬಿನ ಹುಡಿ 100 ಗ್ರಾಂ

ಈ ಎರಡು ಮಿಶ್ರಣಗಳ ನಡುವಿನ ವ್ಯತ್ಯಾಸ ಮುಂದಿನ ಜುಲೈವರೆಗೆ ಕಾಣಿಸಲಿಲ್ಲ. ಬೇಸಿಗೆಯಲ್ಲಿ ಕೋಕೋಪೀಟ್ ಚೀಲಗಳೇ ಹೆಚ್ಚು ಹಸಿರಾಗಿದ್ದವು, ಅದನ್ನು ನೋಡಿ ಮೋಸಹೋಗುವುದು ಸುಲಭ.

ನಾಟಿ ಮಾಡುವಾಗ ತೊಟ್ಟೆಯಲ್ಲಿದ್ದ ಮಟ್ಟಕ್ಕೇ ಮಣ್ಣು ಬರಬೇಕು. ಬುಡದ ಸುತ್ತ ಮಣ್ಣು ಏರಿಸಬಾರದು.

ಹಂತ 3: ಆಧಾರ (ಡಿಸೆಂಬರ್ 2023 – ಜನವರಿ 2024)

ಕೊಂಬೆಗಳು 20 ಇಂಚು ದಾಟಿದ ಕೂಡಲೇ ಬಾಗಿ ಕಾಂಕ್ರೀಟಿನ ಮೇಲೆ ಮಲಗುತ್ತವೆ. ಮಧ್ಯಾಹ್ನದ ಕಾಂಕ್ರೀಟಿನ ಬಿಸಿಗೆ ತುದಿ ಸುಟ್ಟು ಕಪ್ಪಾಗುತ್ತದೆ, ಮೊಗ್ಗು ಬರಬೇಕಾದದ್ದೇ ಆ ತುದಿಯಲ್ಲಿ. ಪ್ರತಿ ಚೀಲಕ್ಕೆ ಮೂರು ಅಡಿಯ 3 ಅಡಿಕೆ ದಬ್ಬೆಗಳನ್ನು ಅಂಚಿನಲ್ಲಿ ಊರಿ, ಮಣ್ಣಿನಿಂದ 12 ಇಂಚು ಮತ್ತು 22 ಇಂಚು ಎತ್ತರದಲ್ಲಿ ಎರಡು ಸುತ್ತು ಹಗ್ಗ ಕಟ್ಟಿದ್ದು. ಕೊಂಬೆಯನ್ನು ಹಗ್ಗಕ್ಕೆ ಬಿಗಿಯಬಾರದು, ಹಗ್ಗದ ಮೇಲೆ ಒರಗಿಸಿ ಹೊರಗೆ ಬಾಗಲು ಬಿಡಬೇಕು. ಬಾಗಿದ ಕೊಂಬೆಯ ಬೆನ್ನಿನ ಮೇಲಿನ ಪ್ರತಿ ಗೆಣ್ಣಿನಿಂದಲೂ ಚಿಗುರು ಏಳುತ್ತದೆ. ನೆಟ್ಟಗೆ ಬಿಗಿದು ನಿಲ್ಲಿಸಿದರೆ ತುದಿಯ ಒಂದೆರಡು ಕಣ್ಣು ಮಾತ್ರ ಒಡೆಯುತ್ತವೆ.

ಮೊದಲು ಕಟ್ಟಿದ್ದು ನೈಲಾನ್ ಹಗ್ಗ. ಗಾಳಿಗೆ ಉಜ್ಜಿ ಮೂರು ಕೊಂಬೆಗಳ ಸಿಪ್ಪೆ ಸುಲಿಯಿತು. ತೆಂಗಿನ ನಾರಿನ ಹಗ್ಗಕ್ಕೆ ಬದಲಿಸಿದ ಮೇಲೆ ಆ ತೊಂದರೆ ಇಲ್ಲ. ನಾರಿನ ಹಗ್ಗ ಒಂದು ಮಳೆಗಾಲಕ್ಕೆ ಕೊಳೆಯುತ್ತದೆ, ಚಾಟನಿಯ ದಿನವೇ ಹೊಸದು ಕಟ್ಟಿದರಾಯಿತು.

ಜನವರಿ 7ರಂದು 2 ಬಿಟ್ಟು ಉಳಿದೆಲ್ಲ ಗಿಡಗಳ ತುದಿಯನ್ನು 12 ಇಂಚಿನಲ್ಲಿ ಚಿವುಟಿದ್ದು. ಆಗಲೇ ಕಾಣಿಸಿದ್ದ ಬೆರಳೆಣಿಕೆಯ ಮೊಗ್ಗುಗಳೂ ಹೋದವು. ಆ ಮೊಗ್ಗಿಗೆ ಆಸೆಪಟ್ಟು ಚಿವುಟದೆ ಬಿಟ್ಟ 2 ಗಿಡಗಳು ಎರಡೇ ಕೊಂಬೆಯಲ್ಲಿ ನಾಲ್ಕಡಿ ಉದ್ದಕ್ಕೆ ಹರಿದವು. ಚಿವುಟಿದವಕ್ಕೆ ಮಾರ್ಚ್ ಹೊತ್ತಿಗೆ 5ರಿಂದ 7 ಕೊಂಬೆ.

ಹಂತ 4: ಬೂದಿಯಿಂದ ಆದ ಹಳದಿ (ಮಾರ್ಚ್–ಮೇ 2024)

ಬೂದಿ ಹಾಕಿದರೆ ಹೂ ಹೆಚ್ಚು ಎಂಬುದು ಊರಿನ ಮಾತು. ನೆಲದಲ್ಲಿರುವ ಗಿಡಕ್ಕೆ ಅದು ನಿಜವೂ ಹೌದು: ಕರಾವಳಿಯ ಕೆಂಪು ಮಣ್ಣು ಹುಳಿ, ಬೂದಿ ಆ ಹುಳಿಯನ್ನು ತಗ್ಗಿಸಿ ಪೊಟ್ಯಾಷ್ ಕೊಡುತ್ತದೆ, ಮಳೆ ಬಂದು ಹೆಚ್ಚಾದದ್ದನ್ನು ತೊಳೆಯುತ್ತದೆ. ಚೀಲದ 35–37 ಲೀಟರ್ ಮಣ್ಣಿಗೆ ಆ ಲೆಕ್ಕ ಹೊಂದುವುದಿಲ್ಲ. 15 ದಿನಕ್ಕೊಮ್ಮೆ ಎರಡು ಮುಷ್ಟಿಯಂತೆ ಮಾರ್ಚ್‌ನಿಂದ ಐದು ಸಲ ಬೂದಿ ಬಿತ್ತು. ಮೇ ಹೊತ್ತಿಗೆ ಹೊಸ ಎಲೆಗಳೆಲ್ಲ ಹಳದಿ, ನರ ಮಾತ್ರ ಹಸಿರು. ಹಳೆಯ ಎಲೆ ಹಸಿರಾಗಿಯೇ ಇತ್ತು.

ಇದನ್ನು ಸಾರಜನಕದ ಕೊರತೆ ಎಂದುಕೊಂಡು ಎರಡು ವಾರ ಹಿಂಡಿ ನೀರು (ವಿವರ ಹಂತ 7ರಲ್ಲಿ) ಹಾಕಿದ್ದು ಮತ್ತೊಂದು ತಪ್ಪು. ಗುರುತಿಸುವ ದಾರಿ ಸುಲಭ: ಕೆಳಗಿನ ಹಳೆಯ ಎಲೆ ಮೊದಲು ಹಳದಿಯಾದರೆ ಸಾರಜನಕ, ತುದಿಯ ಹೊಸ ಎಲೆ ಹಳದಿಯಾಗಿ ನರ ಹಸಿರಾಗಿ ಉಳಿದರೆ ಕಬ್ಬಿಣಾಂಶ. ಮಣ್ಣು ಕದಡಿದ ನೀರಿಗೆ ಪಟ್ಟಿ ಅದ್ದಿ ನೋಡಿದಾಗ ಪಿಎಚ್ 8ರ ಮೇಲೆ. ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಆ ಮಟ್ಟದಲ್ಲಿ ಬೇರಿಗೆ ಸಿಗುವುದಿಲ್ಲ.

ಪರಿಹಾರ: ಬೂದಿ ಪೂರ್ತಿ ಬಂದ್. ಒಂದು ಲೀಟರ್ ನೀರಿಗೆ ಅನ್ನಭೇದಿ, ಅಂದರೆ ಫೆರಸ್ ಸಲ್ಫೇಟ್ 5 ಗ್ರಾಂ, ನಿಂಬೆ ಉಪ್ಪು (ಸಿಟ್ರಿಕ್ ಆಮ್ಲ) 1 ಗ್ರಾಂ. ಮೊದಲು ನಿಂಬೆ ಉಪ್ಪು ಕರಗಿಸಿ ಆಮೇಲೆ ಅನ್ನಭೇದಿ ಹಾಕಬೇಕು, ಇಲ್ಲದಿದ್ದರೆ ನೀರು ತುಕ್ಕು ಬಣ್ಣಕ್ಕೆ ತಿರುಗಿ ಕೆಲಸಕ್ಕೆ ಬಾರದಾಗುತ್ತದೆ. ಸಂಜೆ ಹೊತ್ತು ಎಲೆಗೆ ಸಿಂಪಡಣೆ, 10 ದಿನದ ಅಂತರದಲ್ಲಿ ಮೂರು ಸಲ. ಮೂರನೆಯ ಸಿಂಪಡಣೆಯ ನಂತರ ಬಂದ ಎಲೆ ಹಸಿರು. ಅದಾಗಲೇ ಹಳದಿಯಾಗಿದ್ದವು ಪೂರ್ತಿ ತಿರುಗಲಿಲ್ಲ.

ಹಂತ 5: ಮೊದಲ ಮಳೆಗಾಲ (ಜೂನ್–ಸೆಪ್ಟೆಂಬರ್ 2024)

ಉಡುಪಿಯ ಕಡೆ ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ, ಹೆಚ್ಚಿನದೆಲ್ಲ ಈ ನಾಲ್ಕು ತಿಂಗಳಲ್ಲಿ. ಚೀಲದ ಮಲ್ಲಿಗೆಯ ಅಳಿವು ಉಳಿವು ತೀರ್ಮಾನವಾಗುವುದು ಇಲ್ಲಿಯೇ.

ಜುಲೈ 14ರಂದು 3ನೇ ಚೀಲದ ಗಿಡ ಬಾಡಿತು. ಮಣ್ಣು ಒದ್ದೆಯಾಗಿದ್ದೂ ಎಲೆ ಜೋತುಬಿದ್ದಿತ್ತು. ಬುಡದ ಮಣ್ಣು ಸರಿಸಿ ನೋಡಿದಾಗ ಕಾಂಡದ ಸುತ್ತ ಬಿಳಿ ಹತ್ತಿಯ ಎಳೆಯಂತೆ ಬೂಸ್ಟು, ಅದರ ನಡುವೆ ಸಾಸಿವೆ ಕಾಳಿನಂಥ ಕಂದು ಗುಂಡುಗಳು. ಉಗುರಿನಿಂದ ಸಿಪ್ಪೆ ಒತ್ತಿದರೆ ಜಾರಿ ಬರುತ್ತಿತ್ತು. ಇದು ಸ್ಕ್ಲೆರೋಷಿಯಂ ಶಿಲೀಂಧ್ರದ ಬುಡಕೊಳೆ. ಆ ಸಾಸಿವೆ ಗುಂಡುಗಳೇ ಅದರ ಬೀಜ, ಮಣ್ಣಿನಲ್ಲಿ ವರ್ಷಗಟ್ಟಲೆ ಉಳಿಯುತ್ತವೆ. ಇಷ್ಟು ಕಂಡ ಮೇಲೆ ಆ ಗಿಡ ಉಳಿಯುವುದಿಲ್ಲ. ಚೀಲ ಸಮೇತ ಇಳಿಸಿ, ಗಿಡ ಸುಟ್ಟು, ಮಣ್ಣನ್ನು ಬೇರೆ ಯಾವ ಗಿಡಕ್ಕೂ ಬಳಸದೆ ದೂರ ಹಾಕಬೇಕು. 3ನೇ ಚೀಲದ ಮಣ್ಣನ್ನು ದಾಸವಾಳದ ಬುಡಕ್ಕೆ ಹಾಕಿದ್ದು ದೊಡ್ಡ ತಪ್ಪು. ಆಗಸ್ಟ್‌ನಲ್ಲಿ ದಾಸವಾಳವೂ ಹೋಯಿತು.

ಸೆಪ್ಟೆಂಬರ್ ಕೊನೆಗೆ ಲೆಕ್ಕ: ಕೋಕೋಪೀಟ್ ಮಿಶ್ರಣದ 8ರಲ್ಲಿ 5 ಗಿಡ ಸತ್ತವು. ಹೊಯಿಗೆ ಮಿಶ್ರಣದ 12ರಲ್ಲಿ ಸತ್ತದ್ದು 1. ಇದಕ್ಕಿಂತ ಸ್ಪಷ್ಟವಾಗಿ ಹೇಳಲು ಬೇರೆ ಏನೂ ಬೇಕಿಲ್ಲ. ಕರಾವಳಿಯಲ್ಲಿ ಮಲ್ಲಿಗೆಯ ಚೀಲಕ್ಕೆ ಕೋಕೋಪೀಟ್ ಹಾಕಬೇಡಿ. ಬೆಂಗಳೂರು, ಮೈಸೂರಿನ ಕಡೆ ಮಳೆ ಇದರ ಕಾಲು ಭಾಗದಷ್ಟು, ಅಲ್ಲಿ ಸ್ವಲ್ಪ ಪಾಲು ಇದ್ದರೆ ನಡೆದೀತು.

ಔಷಧಿಯ ವಿಷಯದಲ್ಲೂ ಒಂದು ತಪ್ಪು ಒಪ್ಪಿಕೊಳ್ಳಬೇಕು. ಜುಲೈ 16ರಂದು ಎಲ್ಲ ಚೀಲಕ್ಕೂ ಹಟ್ಟಿಗೊಬ್ಬರದಲ್ಲಿ ಬೆಳೆಸಿದ ಟ್ರೈಕೋಡರ್ಮಾ (ರೋಗದ ಶಿಲೀಂಧ್ರವನ್ನು ತಡೆಯುವ ಉಪಕಾರಿ ಶಿಲೀಂಧ್ರ) ಹಾಕಿ, ಇನ್ನೊಂದು ಗಿಡ ಬಾಡಿದ್ದು ಕಂಡ ಗಾಬರಿಯಲ್ಲಿ 21ರಂದು ತಾಮ್ರದ ಶಿಲೀಂಧ್ರನಾಶಕವಾದ ಕಾಪರ್ ಆಕ್ಸಿಕ್ಲೋರೈಡ್ ಲೀಟರಿಗೆ 3 ಗ್ರಾಂ ಸುರಿದದ್ದು. ಟ್ರೈಕೋಡರ್ಮಾ ಕೂಡ ಶಿಲೀಂಧ್ರವೇ. ತಾಮ್ರ ಅದಕ್ಕೂ ತೊಂದರೆ ಕೊಡಬಹುದು. ಐದು ದಿನದ ಹಿಂದೆ ಹಾಕಿದ್ದು ದಂಡವಾಗಿರಬಹುದು. ಈಗಿನ ಕ್ರಮ: ಮೇ ಮೊದಲ ವಾರ ಮಳೆಗೆ ಮುಂಚೆಯೇ ಟ್ರೈಕೋಡರ್ಮಾ, 1 ಕಿಲೋವನ್ನು 50 ಕಿಲೋ ಹಟ್ಟಿಗೊಬ್ಬರ ಮತ್ತು 5 ಕಿಲೋ ಬೇವಿನ ಹಿಂಡಿಗೆ ಬೆರೆಸಿ, ತೇವದಲ್ಲಿ ಗೋಣಿ ಮುಚ್ಚಿ 10 ದಿನ ಇಟ್ಟು, ಚೀಲಕ್ಕೆ ಒಂದೂವರೆ ಕಿಲೋ. ತಾಮ್ರ ಬೇಕಾದರೆ ಕನಿಷ್ಠ ಮೂರು ವಾರದ ಅಂತರ, ಅದೂ ರೋಗ ಕಂಡ ಚೀಲದ ಅಕ್ಕಪಕ್ಕಕ್ಕೆ ಮಾತ್ರ.

ಮಳೆಗಾಲದಲ್ಲಿ ಮಾಡಬೇಕಾದ ಉಳಿದ ಕೆಲಸ ಚಿಕ್ಕದು. ಬುಡದ ಮುಚ್ಚಿಗೆಯ ತರಗೆಲೆ ಪೂರ್ತಿ ತೆಗೆಯುವುದು. ಒಂದು ಬದಿಯ ಇಟ್ಟಿಗೆಯ ಕೆಳಗೆ ಹೆಂಚಿನ ತುಂಡು ಕೊಟ್ಟು ಚೀಲವನ್ನು ಸ್ವಲ್ಪ ಓರೆ ಮಾಡುವುದು. ವಾರಕ್ಕೊಮ್ಮೆ ಬದಿಯ ತೂತಿಗೆ ಕಡ್ಡಿ ಚುಚ್ಚಿ ನೀರು ಇಳಿಯುತ್ತಿದೆಯೇ ನೋಡುವುದು. ಗೊಬ್ಬರ ಬೇಡ. ಕತ್ತರಿಯೂ ಬೇಡ. ಜೂನ್ 20ರಂದು ಒಂದು ಗಿಡಕ್ಕೆ ಚಾಟನಿ ಮಾಡಿದ್ದು ಗಾಯ ಒಣಗದೆ ತುದಿಯಿಂದ ಕೆಳಗೆ ಒಣಗುತ್ತಾ ಬಂತು. ಹೊಯಿಗೆ ಮಿಶ್ರಣದಲ್ಲಿ ಸತ್ತ ಆ ಒಂದು ಗಿಡ ಇದೇ.

ಹಂತ 6: ಚಾಟನಿ (ನವೆಂಬರ್ 2024)

ಉಳಿದ ಹಳೆಯ ಗಿಡ 14. ಸತ್ತ 6ರ ಜಾಗಕ್ಕೆ ಹೊಸ ಮಣ್ಣು, ಹೊಸ ಚೀಲದಲ್ಲಿ ಮೀಸಲಿದ್ದ ಗಿಡಗಳು. ಅವು ಮುಂದಿನ ಲೆಕ್ಕದಲ್ಲಿ ಇಲ್ಲ.

ನವೆಂಬರ್ 9ರಿಂದ ಎಂಟು ದಿನ ನೀರು ನಿಲ್ಲಿಸಿ, 17ರಂದು ಚಾಟನಿ. 7 ಗಿಡಕ್ಕೆ ಗಟ್ಟಿ ಚಾಟನಿ: ಮಣ್ಣಿನಿಂದ 18 ಇಂಚಿಗೆ ಎಲ್ಲ ಕೊಂಬೆಗಳನ್ನೂ ಕತ್ತರಿಸಿ, 5–6 ದಪ್ಪ ಕೊಂಬೆ ಉಳಿಸಿ, ಒಳಮುಖವಾಗಿ ಹೋದವು, ಒಣಗಿದವು, ಪೆನ್ಸಿಲ್‌ಗಿಂತ ತೆಳುವಾದವು ಎಲ್ಲ ತೆಗೆದು, ಉಳಿದ ಎಲೆಗಳನ್ನೂ ಕೈಯಿಂದ ಕಿತ್ತದ್ದು. ಇನ್ನು 7 ಗಿಡಕ್ಕೆ ತುದಿಯಿಂದ 6 ಇಂಚು ಮಾತ್ರ. ಹೊರಮುಖದ ಕಣ್ಣಿನ ಕಾಲು ಇಂಚು ಮೇಲೆ ಓರೆಯಾಗಿ ಕತ್ತರಿಸಬೇಕು. ಕತ್ತರಿಯನ್ನು ಒಂದು ಗಿಡದಿಂದ ಇನ್ನೊಂದಕ್ಕೆ ಹೋಗುವಾಗ ಸ್ಪಿರಿಟ್‌ನಿಂದ ಒರೆಸಬೇಕು. ದಪ್ಪ ಗಾಯಗಳಿಗೆ ತಾಮ್ರದ ಪೇಸ್ಟ್. ಅದೇ ದಿನ ಮೇಲಿನ ಎರಡು ಇಂಚು ಮಣ್ಣು ಕೆದಕಿ ತೆಗೆದು, ಹಟ್ಟಿಗೊಬ್ಬರ 2 ಕಿಲೋ, ಬೇವಿನ ಹಿಂಡಿ 200 ಗ್ರಾಂ, ಎಲುಬಿನ ಹುಡಿ 50 ಗ್ರಾಂ ಹಾಕಿ ನೀರು.

ಗಟ್ಟಿ ಚಾಟನಿ ಮಾಡಿದ ಗಿಡ ನೋಡಲು ಬೋಳಾಗಿ, ಹಾಳು ಮಾಡಿದೆವೇನೋ ಎನಿಸುತ್ತದೆ. ಹತ್ತನೇ ದಿನಕ್ಕೆ ಗೆಣ್ಣುಗಳಲ್ಲಿ ಅಕ್ಕಿಕಾಳಿನಷ್ಟು ಕೆಂಪು ಮಿಶ್ರಿತ ಹಸಿರು ಕಣ್ಣು ಮೂಡಿದವು. ಫಲಿತಾಂಶ ಹೀಗೆ:

ಮೊದಲ ಕೊಯ್ಲು: ತುದಿ ಸವರಿದವಕ್ಕೆ 34ನೇ ದಿನ, ಗಟ್ಟಿ ಚಾಟನಿಗೆ 68ನೇ ದಿನ.
ಫೆಬ್ರವರಿ ಕೊನೆಯವರೆಗೆ: ತುದಿ ಸವರಿದ 7 ಗಿಡದಿಂದ 610 ಮೊಗ್ಗು, ಗಟ್ಟಿ ಚಾಟನಿಯ 7ರಿಂದ 180.
ಮಾರ್ಚ್–ಮೇ: ತುದಿ ಸವರಿದವು 4,020. ಗಟ್ಟಿ ಚಾಟನಿ 9,140.

ಹಳೆಯ ಕಡ್ಡಿ ಉಳಿಸಿಕೊಂಡರೆ ಆರಂಭ ಬೇಗ, ಆಮೇಲೆ ಸೊರಗುತ್ತದೆ.

ಹಂತ 7: ಊಟ ಮತ್ತು ನೀರು

ನೆಲಗಡಲೆ ಹಿಂಡಿ 1 ಕಿಲೋ, ಬೇವಿನ ಹಿಂಡಿ ಅರ್ಧ ಕಿಲೋ, ಹಸಿ ಸೆಗಣಿ 2 ಕಿಲೋ, ನೀರು 20 ಲೀಟರ್. ಮುಚ್ಚಿಟ್ಟು ದಿನಕ್ಕೆ ಎರಡು ಸಲ ಕದಡಿ, ಐದನೇ ದಿನ ಸೋಸಿ, ಒಂದಕ್ಕೆ ಐದು ಪಾಲು ನೀರು ಬೆರೆಸಿ ಚೀಲಕ್ಕೆ ಒಂದು ಲೀಟರ್. 15 ದಿನಕ್ಕೊಮ್ಮೆ, ಡಿಸೆಂಬರ್‌ನಿಂದ ಮೇವರೆಗೆ. ಹಿಂಡಿಯನ್ನು ಒಣದಾಗಿ ಬುಡಕ್ಕೆ ಹಾಕಿದ ಒಂದು ಸಲ ಇಲಿ ಬಂದು ಮೂರು ಚೀಲ ಅಗೆದು ಬೇರು ಕಡಿದಿತ್ತು.

ಜನವರಿಯಲ್ಲಿ ವಾರಕ್ಕೊಮ್ಮೆ ಇದೇ ನೀರು ಕೊಟ್ಟಾಗ ಚಿಗುರು ಒಂದು ಅಡಿ, ಒಂದೂವರೆ ಅಡಿ ಓಡಿತು, ಗೆಣ್ಣಿನಿಂದ ಗೆಣ್ಣಿಗೆ ನಾಲ್ಕು ಇಂಚು, ತುದಿಯಲ್ಲಿ ಮೊಗ್ಗಿಲ್ಲ. ಸಾರಜನಕ ಹೆಚ್ಚಾಯಿತು ಎನ್ನುವುದಕ್ಕೆ ಅದೇ ಗುರುತು. ಗಟ್ಟಿ ಚಿಗುರಿನಲ್ಲಿ ಗೆಣ್ಣಿನ ಅಂತರ ಎರಡು ಇಂಚಿನ ಆಸುಪಾಸು. ಹದಿನೈದು ದಿನಕ್ಕೆ ಇಳಿಸಿ, ಮೊಗ್ಗು ಕಾಣುವ ಹೊತ್ತಿಗೆ ಪೊಟ್ಯಾಷಿಯಂ ಸಲ್ಫೇಟ್ ಲೀಟರಿಗೆ 5 ಗ್ರಾಂ ಎಲೆಗೆ ಸಿಂಪಡಿಸಿದ ಮೇಲೆ ಸರಿಹೋಯಿತು.

ನೀರು: ಡಿಸೆಂಬರ್–ಫೆಬ್ರವರಿ ದಿನ ಬಿಟ್ಟು ದಿನ 2 ಲೀಟರ್. ಮಾರ್ಚ್‌ನಿಂದ ಪ್ರತಿದಿನ 2 ಲೀಟರ್. ಏಪ್ರಿಲ್, ಮೇಯಲ್ಲಿ ಬೆಳಿಗ್ಗೆ 2, ಸಂಜೆ 1. ಮೊಗ್ಗು ಸಾಸಿವೆ ಗಾತ್ರದಿಂದ ಬಿಳಿ ತಿರುಗುವವರೆಗಿನ ದಿನಗಳಲ್ಲಿ ಒಂದು ದಿನ ನೀರು ತಪ್ಪಿದರೂ ಅರ್ಧ ಮೊಗ್ಗು ಉದುರುತ್ತವೆ.

ಹಂತ 8: ನೇರಳೆ ಮೊಗ್ಗು (ಫೆಬ್ರವರಿ–ಮಾರ್ಚ್ 2025)

ಫೆಬ್ರವರಿ 23ರಿಂದ ಮೊಗ್ಗುಗಳು ಬಿಳಿಯಾಗುವ ಮೊದಲೇ ನೇರಳೆ ಬಣ್ಣಕ್ಕೆ ತಿರುಗಿ, ಕುಳ್ಳಾಗಿ, ಬುಡದಲ್ಲಿ ಉಬ್ಬಿ, ಮುಟ್ಟಿದರೆ ಉದುರತೊಡಗಿದವು. ಮೊದಲು ನೀರಿನ ಕೊರತೆ ಎಂದುಕೊಂಡು ನೀರು ಹೆಚ್ಚಿಸಿದ್ದು, ಆಮೇಲೆ ಬೇವಿನ ಎಣ್ಣೆ ಸಿಂಪಡಿಸಿದ್ದು. ಎರಡು ವಾರ ಹೋದರೂ ಏನೂ ಬದಲಾಗಲಿಲ್ಲ. ಒಂದು ವಾರದ 540 ಮೊಗ್ಗಿನಲ್ಲಿ 212 ಹೀಗೇ ಹೋದವು.

ಬ್ಲೇಡಿನಿಂದ ಒಂದು ನೇರಳೆ ಮೊಗ್ಗನ್ನು ಉದ್ದಕ್ಕೆ ಸೀಳಿ ಬಿಳಿ ಕಾಗದದ ಮೇಲಿಟ್ಟು ನೋಡಿದಾಗ ಉತ್ತರ ಸಿಕ್ಕಿತು. ಎಸಳುಗಳ ಬುಡದಲ್ಲಿ ಎರಡು ಮಿ.ಮೀ. ಕೂಡ ಇಲ್ಲದ ಐದಾರು ಹುಳುಗಳು, ಕೆನೆ ಬಣ್ಣ, ಒದ್ದೆಯಾಗಿ ಹೊಳೆಯುತ್ತಾ ಮೆಲ್ಲಗೆ ಹೊರಳುತ್ತಿದ್ದವು. ಸೊಳ್ಳೆಗಿಂತ ಚಿಕ್ಕ ಒಂದು ನೊಣ ಎಳೆ ಮೊಗ್ಗಿನಲ್ಲಿ ಮೊಟ್ಟೆ ಇಡುತ್ತದೆ. ಮರಿ ಮೊಗ್ಗಿನ ಒಳಗೆ ತಿಂದು ಬೆಳೆದು, ಕೆಳಗೆ ಬಿದ್ದು ಮಣ್ಣಿನಲ್ಲಿ ಕೋಶವಾಗುತ್ತದೆ. ಎಲೆಯ ಮೇಲೆ ಏನು ಹೊಡೆದರೂ ಮೊಗ್ಗಿನ ಒಳಗಿನದಕ್ಕೂ ಮಣ್ಣಿನಲ್ಲಿರುವುದಕ್ಕೂ ತಾಗುವುದಿಲ್ಲ.

ಕೈಗೂಡಿದ ಕ್ರಮ: ನೇರಳೆ ಮೊಗ್ಗನ್ನು ಪ್ರತಿದಿನ ಗಿಡದಿಂದಲೂ ಮಣ್ಣಿನಿಂದಲೂ ಆರಿಸಿ ಸುಡುವುದು. ವಾರಕ್ಕೊಮ್ಮೆ ಮೇಲಿನ ಒಂದೂವರೆ ಇಂಚು ಮಣ್ಣು ಕೆದಕಿ ಬಿಸಿಲಿಗೆ ತೆರೆದಿಡುವುದು, ಚೀಲಕ್ಕೆ 100 ಗ್ರಾಂ ಬೇವಿನ ಹಿಂಡಿ ಬೆರೆಸುವುದು. ಎಲ್ಲ ಚೀಲಕ್ಕೂ ಒಂದೇ ದಿನ ಮಾಡಬೇಕು. ನಾಲ್ಕನೇ ವಾರಕ್ಕೆ ನೇರಳೆ ಮೊಗ್ಗು ದಿನಕ್ಕೆ ಎರಡು ಮೂರಕ್ಕೆ ಇಳಿದವು. ಮೊಗ್ಗಿನಲ್ಲಿ ಸ್ಪಷ್ಟ ತೂತು, ಹಿಕ್ಕೆ, ಬಲೆ ಕಂಡರೆ ಅದು ಬೇರೆ, ಮೊಗ್ಗು ಕೊರೆಯುವ ಹಸಿರು ಹುಳು. ಅದಕ್ಕೆ ಬೇವಿನ ಎಣ್ಣೆ 5 ಮಿ.ಲೀ., ಸೋಪು ದ್ರಾವಣ 2 ಮಿ.ಲೀ. ಒಂದು ಲೀಟರಿಗೆ ಸಾಕು.

ಏಪ್ರಿಲ್‌ನಲ್ಲಿ ಎಲೆಯ ಅಡಿ ನುಸಿ ಬಂದು ಎಲೆ ಮಂಕಾಯಿತು. ಎಲೆಯ ಕೆಳಗಿನಿಂದ ಪೈಪಿನ ನೀರು ರಭಸವಾಗಿ ಮೂರು ದಿನ ಹೊಡೆದದ್ದೇ ಹೆಚ್ಚು ಫಲ ಕೊಟ್ಟಿತು. ನೀರಲ್ಲಿ ಬೆರೆಯುವ ಗಂಧಕ ಲೀಟರಿಗೆ 2 ಗ್ರಾಂ ಸಂಜೆ ಹೊಡೆಯಬಹುದು, ಆದರೆ ಬೇವಿನ ಎಣ್ಣೆ ಹೊಡೆದು ಎರಡು ವಾರ ಕಳೆದಿರಬೇಕು. ಇಲ್ಲವಾದರೆ ಎಲೆ ಸುಡುತ್ತದೆ.

ಹಂತ 9: ಕೊಯ್ಲು (ಮಾರ್ಚ್–ಮೇ 2025)

ಚಿಗುರಿನ ತುದಿಯಲ್ಲಿ ಮೊಗ್ಗು ಮೂರಾಗಿ ಬರುತ್ತವೆ. ನಡುವಿನದು ಮೊದಲು ಬಲಿಯುತ್ತದೆ, ಅಕ್ಕಪಕ್ಕದವು ಎರಡು ಮೂರು ದಿನ ಬಿಟ್ಟು. ನಡುವಿನದನ್ನು ಕೊಯ್ಯುವಾಗ ಗೊಂಚಲನ್ನು ಹಿಡಿದೆಳೆದರೆ ಮೂರೂ ಕೈಗೆ ಬರುತ್ತವೆ. ಉಗುರು ಮತ್ತು ಬೆರಳಿನ ನಡುವೆ ತೊಟ್ಟು ಮುರಿಯಬೇಕು. ಪೂರ್ತಿ ಬಿಳಿಯಾಗಿ ಉದ್ದ ಬಂದ ಮೊಗ್ಗು ಮಾತ್ರ. ತೊಟ್ಟಿನ ಕಡೆ ಹಸಿರು ಛಾಯೆ ಉಳಿದದ್ದು ಸಂಜೆ ಅರಳುವುದಿಲ್ಲ. ಬೆಳಿಗ್ಗೆ 8ರೊಳಗೆ ಕೊಯ್ದು, ಒದ್ದೆ ಬಾಳೆಲೆಯಲ್ಲಿ ಸುತ್ತಿ, ಬಾಳೆನಾರಿನಲ್ಲಿ ಕಟ್ಟಿದರೆ ಮುಸ್ಸಂಜೆಗೆ ಅರಳಿ ಮನೆಯೆಲ್ಲ ಪರಿಮಳ.

ಮೂರೂ ಮುಗಿದ ಕೂಡಲೇ ಆ ಚಿಗುರನ್ನು ಎರಡು ಗೆಣ್ಣು ಕೆಳಗೆ ಕತ್ತರಿಸಬೇಕು. ಅಲ್ಲಿಂದ ಎರಡು ಚಿಗುರು, ಸುಮಾರು ಒಂದು ತಿಂಗಳಿಗೆ ಮತ್ತೆ ಮೊಗ್ಗು. ಈ ಸಣ್ಣ ಕೆಲಸ ಬಿಟ್ಟ ವಾರಗಳ ಪರಿಣಾಮ ಮುಂದಿನ ತಿಂಗಳ ಲೆಕ್ಕದಲ್ಲಿ ನೇರವಾಗಿ ಕಂಡಿದೆ.

14 ಚೀಲದಿಂದ ಮೂರು ತಿಂಗಳಿಗೆ ಒಟ್ಟು 13,160 ಮೊಗ್ಗು. ಇಲ್ಲಿನ ಲೆಕ್ಕದಲ್ಲಿ 800 ಹೂವಿಗೆ ಒಂದು ಚೆಂಡು, 4 ಚೆಂಡಿಗೆ ಒಂದು ಅಟ್ಟೆ. ಅಂದರೆ ನಾಲ್ಕು ಅಟ್ಟೆಗೆ ಸ್ವಲ್ಪ ಹೆಚ್ಚು. ಅತಿ ಹೆಚ್ಚು ಸಿಕ್ಕ ದಿನ ಏಪ್ರಿಲ್ 13: 391, ಅರ್ಧ ಚೆಂಡಿಗೂ ಕಡಿಮೆ. ದೇವರಿಗೆ, ಮುಡಿಗೆ, ನೆರೆಯವರಿಗೆ ಧಾರಾಳ. ಮಾರಾಟಕ್ಕೆ ಎಂದಾದರೆ ನೆಲದಲ್ಲಿ ಕನಿಷ್ಠ ಐವತ್ತು ಗಿಡ ಬೇಕು.

ಖರ್ಚು

ಗ್ರೋಬ್ಯಾಗ್ 20ಕ್ಕೆ 1,700 ರೂ. ಕೆಂಪು ಮಣ್ಣು, ಹೊಯಿಗೆ, ಹಟ್ಟಿಗೊಬ್ಬರ ಸೇರಿ 1,860. ಬೇವಿನ ಹಿಂಡಿ 25 ಕಿಲೋ ಚೀಲ 900, ನೆಲಗಡಲೆ ಹಿಂಡಿ 600, ಎಲುಬಿನ ಹುಡಿ 250. ಇಟ್ಟಿಗೆ 540, ದಬ್ಬೆ ಮತ್ತು ಹಗ್ಗ 420, ನೆರಳು ಬಲೆ 450, ಸವರುವ ಕತ್ತರಿ 480. ಔಷಧಿ, ಟ್ರೈಕೋಡರ್ಮಾ, ಅನ್ನಭೇದಿ, ಪಿಎಚ್ ಪಟ್ಟಿ ಎಲ್ಲ ಸೇರಿ 1,270. ತೊಟ್ಟೆ 110. ಕೋಕೋಪೀಟ್ 440, ಇದು ನಷ್ಟದ ಬಾಬ್ತು. ಒಟ್ಟು 9,020 ರೂ.

ಈಗಿನ ಸ್ಥಿತಿ (ಜೂನ್ 2025)

ಈ ಸಲ ಮಳೆ ಮೇ ಕೊನೆಯ ವಾರವೇ ಹಿಡಿಯಿತು. ಟ್ರೈಕೋಡರ್ಮಾ ಮೇ 4ರಂದೇ ಹಾಕಿ ಆಗಿತ್ತು. ತರಗೆಲೆ ತೆಗೆಯುವ ಕೆಲಸ ಜೂನ್ ಮೊದಲ ವಾರಕ್ಕೆ ಎಂದು ಇಟ್ಟದ್ದರಿಂದ ಆರು ದಿನ ಒದ್ದೆ ಎಲೆ ಬುಡದಲ್ಲೇ ಇತ್ತು. ಕೋಕೋಪೀಟ್ ಮಿಶ್ರಣದಲ್ಲಿ ಉಳಿದಿದ್ದ 3 ಗಿಡಗಳಲ್ಲಿ ಎರಡನ್ನು ಚಾಟನಿಯ ಸಮಯದಲ್ಲೇ ಬೇರಿನ ಮಣ್ಣು ಉದುರಿಸಿ ಹೊಯಿಗೆ ಮಿಶ್ರಣಕ್ಕೆ ಬದಲಿಸಿದ್ದಾಗಿತ್ತು, ಅವು ಚೆನ್ನಾಗಿವೆ. ಮೂರನೆಯದು 8ನೇ ಚೀಲ, ಹೂ ಚೆನ್ನಾಗಿ ಕೊಡುತ್ತಿದೆ ಎಂದು ಹಾಗೇ ಬಿಟ್ಟದ್ದು. ಜೂನ್ 12ರಂದು ಅದರ ಕೆಳಗಿನ ಎಲೆಗಳು ಹಳದಿಯಾಗಿವೆ. ಬುಡ ಸರಿಸಿ ನೋಡಿದರೆ ಬಿಳಿ ಎಳೆ ಇನ್ನೂ ಇಲ್ಲ. ಬುಡದ ಮಣ್ಣು ಎರಡು ಇಂಚು ತಗ್ಗಿಸಿ, ಚೀಲವನ್ನು ಶೀಟಿನ ಕೆಳಗೆ ಸರಿಸಿ, ಅದರ ಬಲಿತ ಮೂರು ಕೊಂಬೆಗಳನ್ನು ಪಕ್ಕದ ತೊಟ್ಟೆಗಳಿಗೆ ಬಾಗಿಸಿ ಊರಲಾಗಿದೆ. ಬೇರು ಬರಲು ಏಳು ವಾರ ಬೇಕು, ಎಂದರೆ ಜುಲೈ ಕೊನೆ.